ವಿದ್ಯಾರ್ಥಿ ಜೀವನದಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಮತ್ತು ನಾಯಕತ್ವ

(ಟಿಟ್ವಾಳಾದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನೂ ಅವರ ಪಾಲಕರನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಲೇಖನರೂಪ)



ಕಲ್ಯಾಣದಿಂದ ಕಸಾರಾ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಶಹಾಡ್, ಆಂಬಿವಲಿಗಳ ನಂತರ ಬರುವ ನಿಲ್ದಾಣವೇ ಟಿಟ್ವಾಳಾ. ಮಹಾಗಣಪತಿಯ ಸನ್ನಿಧಾನದಿಂದ ಪ್ರಸಿದ್ಧವಾದ ಈ ಊರು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಸುಮಾರು 64 ಕಿ.ಮೀ. ದೂರದಲ್ಲಿದೆ. ಇಲ್ಲಿಯ ತರುಣ ತರುಣಿಯರು ಕಲ್ಯಾಣ, ಡೊಂಬಿವಲಿ, ಠಾಣೆಗಳ ಕಾಲೇಜುಗಳಿಗೆ ಹೋಗಲು ಪ್ರತಿದಿನ ಬೆಳಗಿನ ಲೋಕಲ್ ಗಾಡಿಯನ್ನು ಅವಲಂಬಿಸಿದ್ದಾರೆ. ಮೂವರು ಕೂಡುವ ಆಸನದಲ್ಲಿ ಸ್ವಲ್ಪ ಸರಿದು ನಾಲ್ಕನೆಯವರಿಗೆ ಎಡೆಮಾಡಿಕೊಡುವುದು ಮುಂಬಯಿ ಲೋಕಲಿನ ಅಲಿಖಿತ ಧರ್ಮ. ಅದೇ ಗಾಡಿಯಲ್ಲಿ ಭುಜ ತಾಗಿತೆಂಬ ಅಲ್ಪ ಕಾರಣಕ್ಕೆ ಕೈ ಕೈ ಮಿಲಾಯಿಸುವ ಪ್ರಸಂಗಗಳೂ ನಡೆಯುತ್ತವೆ. ಸ್ಥಳವೂ ಒಂದೇ, ಇಕ್ಕಟ್ಟೂ ಒಂದೇ, ಸೆಖೆಯೂ ಒಂದೇ. ಒಬ್ಬನು ಸರಿದು ಕೂಡುತ್ತಾನೆ, ಇನ್ನೊಬ್ಬನು ಸಿಡಿದೇಳುತ್ತಾನೆ. ಈ ಅಂತರಕ್ಕೆ ಕಾರಣ ಯಾವುದು? ಅಂಕಪಟ್ಟಿಯಲ್ಲಿ ಅದಕ್ಕೆ ಉತ್ತರ ದೊರೆಯದು. ಅಂತಹ ಉತ್ತರವನ್ನು ಹುಡುಕುವ ಶಾಸ್ತ್ರಕ್ಕೆ ಇಂದಿನ ಮನೋವಿಜ್ಞಾನವು ಭಾವನಾತ್ಮಕ ಬುದ್ಧಿಮತ್ತೆ ಎಂಬ ಹೆಸರನ್ನು ಕೊಟ್ಟಿದೆ.

ಶಾಸ್ತ್ರ ಹೇಳುವುದೇನು?

1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಲೋವಿ ಹಾಗೂ ಜಾನ್ ಮೇಯರ್ ಈ ವಿಷಯದ ಮೇಲೆ ವಿದ್ವತ್ಪೂರ್ಣ ಲೇಖನವೊಂದನ್ನು ಪ್ರಕಟಿಸಿದರು. ಮುಂದೆ 1997ರಲ್ಲಿ ಅವರು ಇದನ್ನು ನಾಲ್ಕು ಸಾಮರ್ಥ್ಯಗಳಾಗಿ ವಿಂಗಡಿಸಿದರು. ತನ್ನಲ್ಲಿಯೂ ಇತರರಲ್ಲಿಯೂ ಉಂಟಾಗುವ ಭಾವವನ್ನು ಗುರುತಿಸುವುದು ಮೊದಲನೆಯದು. ಆ ಭಾವವನ್ನು ಆಲೋಚನೆಗೆ ಸಹಾಯಕವಾಗಿ ಬಳಸಿಕೊಳ್ಳುವುದು ಎರಡನೆಯದು. ಅದರ ಮೂಲವನ್ನೂ ಅದು ಮುಂದೆ ಯಾವ ರೂಪ ತಾಳಬಹುದೆಂಬುದನ್ನೂ ತಿಳಿಯುವುದು ಮೂರನೆಯದು. ಅದನ್ನು ಹದವರಿತು ನಿರ್ವಹಿಸುವುದು ನಾಲ್ಕನೆಯದು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಗ್ರಂಥದಿಂದಾಗಿ ಈ ಪದವು ಜಗತ್ತಿನಾದ್ಯಂತ ಮನೆಮಾತಾಯಿತು. 1998ರಲ್ಲಿ ಅವರು ನಾಯಕನಾದವನಿಗೆ ಬೇಕಾದ ಐದು ಅಂಗಗಳನ್ನು ಹೆಸರಿಸಿದರು: ಆತ್ಮಪರಿಜ್ಞಾನ, ಆತ್ಮಸಂಯಮ, ಒಳಗಿನಿಂದ ಬರುವ ಪ್ರೇರಣೆ, ಪರರ ಭಾವವನ್ನು ಅರಿಯುವ ಸಹಾನುಭೂತಿ ಮತ್ತು ಜನರೊಡನೆ ಬೆರೆತು ಕೆಲಸ ಮಾಡುವ ಕೌಶಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಜೀವನದ ಯಶಸ್ಸಿನಲ್ಲಿ ಶೇಕಡಾ 80ರಷ್ಟು ಪಾಲು ಭಾವನಾತ್ಮಕ ಬುದ್ಧಿಮತ್ತೆಯದೇ ಎಂಬ ಮಾತು ಅನೇಕ ತರಬೇತಿ ಶಿಬಿರಗಳಲ್ಲಿ ಕೇಳಿಬರುತ್ತದೆ. ಅದು ಗೋಲ್‌ಮನ್‌ರ ಮಾತನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದರ ಫಲ. 2020ರಲ್ಲಿ ಪ್ರಕಟವಾದ ಒಂದು ವಿಸ್ತೃತ ಸಮೀಕ್ಷೆಯು 42,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೊಳಗೊಂಡ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತು. ಅದರಂತೆ ವಿದ್ಯಾಭ್ಯಾಸದ ಸಾಧನೆಗೆ ಬುದ್ಧಿಶಕ್ತಿ ಹಾಗೂ ಶ್ರದ್ಧಾಪೂರ್ವಕ ಪರಿಶ್ರಮಗಳ ನಂತರದ ಮೂರನೆಯ ಸ್ಥಾನ ಭಾವನಾತ್ಮಕ ಬುದ್ಧಿಮತ್ತೆಗೆ ಸಲ್ಲುತ್ತದೆ. ಅಂದರೆ ಓದಿಗೆ ಪರ್ಯಾಯವಾಗಿ ಇದನ್ನು ಹಿಡಿಯುವಂತಿಲ್ಲ, ಓದಿದವನಿಗೆ ಇದು ಬೇಡವೆನ್ನುವಂತೆಯೂ ಇಲ್ಲ.

ನೆಟ್ಟಗೆ ಕಾಣುವ ಹಳಿಯೊಳಗಿನ ಒತ್ತಡ

ರೈಲು ಹಳಿಯ ಒಂದು ದೃಷ್ಟಾಂತದಿಂದ ವಿಷಯವು ಸ್ಪಷ್ಟವಾಗುತ್ತದೆ. ಉಕ್ಕು ಬಿಸಿಯಾದಾಗ ಹಿಗ್ಗುತ್ತದೆ. ಒಂದು ಕಿ.ಮೀ. ಉದ್ದದ ಹಳಿಯು ಪ್ರತಿ ಡಿಗ್ರಿ ಸೆಲ್ಸಿಯಸ್ ತಾಪಕ್ಕೆ ಸುಮಾರು 11.5 ಮಿ.ಮೀ. ಹಿಗ್ಗಬಯಸುತ್ತದೆ. ಹಳಿಯ ತಾಪವು ರಾತ್ರಿಗೂ ಬೇಸಿಗೆಯ ನಡುಹಗಲಿಗೂ 40 ಡಿಗ್ರಿಯಷ್ಟು ಏರಿತೆಂದರೆ ಅದು 46 ಸೆಂ.ಮೀ.ಗಳಷ್ಟಾಗುತ್ತದೆ. ಹಿಂದೆ ಹಳಿಗಳ ಜೋಡಣೆಯಲ್ಲಿ ಅದಕ್ಕಾಗಿ ಸಂದು ಬಿಡುತ್ತಿದ್ದರು. ಇಂದಿನ ಉದ್ದನೆಯ ಬೆಸುಗೆ ಹಳಿಗಳಲ್ಲಿ ಅಂತಹ ಸಂದುಗಳಿಲ್ಲ. ಸ್ಲೀಪರುಗಳೂ ಅವುಗಳ ಸುತ್ತ ತುಂಬಿದ ಜಲ್ಲಿಯೂ ಹಳಿಯನ್ನು ಬಿಗಿಯಾಗಿ ಹಿಡಿದಿರುವುದರಿಂದ ಹಿಗ್ಗಬೇಕೆಂಬ ಆ ಬಲವೆಲ್ಲ ಹಳಿಯೊಳಗೆ ಒತ್ತಡವಾಗಿ ಅಡಗಿ ಕುಳಿತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಹಳಿಯು ನೆಟ್ಟಗೆ, ಶಾಂತವಾಗಿ ಮಲಗಿದಂತೆ ಕಾಣುತ್ತದೆ. ಪಕ್ಕದ ಜಲ್ಲಿ ಸಡಿಲಾಗಿದ್ದರೆ ಮಾತ್ರ ಒಂದು ಮಧ್ಯಾಹ್ನ ಅದು ಥಟ್ಟನೆ ಬದಿಗೆ ಬಾಗಿಬಿಡುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಗ್ಯಾಂಗ್‌ಮನ್‌ಗಳು ಬಿಸಿಲಿನ ಹೊತ್ತಿನಲ್ಲಿ ಹಳಿಯುದ್ದಕ್ಕೂ ಗಸ್ತು ತಿರುಗುತ್ತಾರೆ. ಯುಕ್ತ ತಾಪಮಾನದಲ್ಲಿ ಹಳಿಯನ್ನು ಬಿಡಿಸಿ, ಒಳಗಿನ ಒತ್ತಡವನ್ನು ಇಳಿಸಿ ಮತ್ತೆ ಬಿಗಿಯುವ ಕೆಲಸವೂ ನಡೆಯುತ್ತದೆ.

ಇಂದಿನ ವಿದ್ಯಾರ್ಥಿಯ ಸ್ಥಿತಿಯೂ ಇದಕ್ಕೆ ಸಮಾನವಾಗಿದೆ. ಪ್ರವೇಶ ಪರೀಕ್ಷೆ, ಸೆಮಿಸ್ಟರ್ ಪರೀಕ್ಷೆ, ಕ್ಯಾಂಪಸ್ ಸಂದರ್ಶನ, ಸಾಲ ಮಾಡಿ ಶುಲ್ಕ ಕಟ್ಟಿದ ತಂದೆ, ನೆರೆಮನೆಯ ಮಗನ ಪ್ಯಾಕೇಜಿನ ಸುದ್ದಿ, ಇವೆಲ್ಲವೂ ತಾಪವೇ. ನೆಟ್ಟಗೆ ಕಾಣುತ್ತಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾನೆ ಎಂಬ ಕಾರಣಕ್ಕೆ ಒತ್ತಡವಿಲ್ಲವೆಂದು ತಿಳಿಯಲಾಗದು. ಸ್ನೇಹಿತರು, ಗುರುಗಳು, ಮನೆಯ ಹಿರಿಯರು ಇವರೇ ಅವನ ಸುತ್ತಲಿನ ಜಲ್ಲಿ. ಜಲ್ಲಿಯ ಒಂದೊಂದು ಕಲ್ಲೂ ಸಣ್ಣದು. ಎಲ್ಲವೂ ಒತ್ತಾಗಿ ಕೂಡಿದಾಗ ಮಾತ್ರ ಅವು ಹಳಿಯನ್ನು ಹಿಡಿದು ನಿಲ್ಲಿಸುತ್ತವೆ.

ಇದು ಕೇವಲ ಉಪಮೆಯ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ನೀಡಿದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ರಾಜ್ಯಗಳ ಪೈಕಿ ಆ ವರ್ಷ ಮಹಾರಾಷ್ಟ್ರವೇ ಮೊದಲನೆಯ ಸ್ಥಾನದಲ್ಲಿತ್ತು. ಹೀಗಾಗಿ ಭಾವನೆಯ ಶಿಕ್ಷಣವು ವ್ಯಕ್ತಿತ್ವ ವಿಕಸನದ ಅಲಂಕಾರವಾಗಿ ಉಳಿದಿಲ್ಲ. ಅದು ಜೀವರಕ್ಷಣೆಯ ಪ್ರಶ್ನೆಯಾಗಿದೆ.

ಭಾವಕ್ಕೆ ಹೆಸರಿಡುವ ವಿದ್ಯೆ

ಠಾಣೆ ಜಿಲ್ಲೆಯ ಕನ್ನಡ ಕುಟುಂಬದ ಮಗುವು ಮನೆಯಲ್ಲಿ ಕನ್ನಡವನ್ನೂ, ಓಣಿಯಲ್ಲಿ ಮರಾಠಿಯನ್ನೂ, ಗಾಡಿಯಲ್ಲಿ ಹಿಂದಿಯನ್ನೂ, ತರಗತಿಯಲ್ಲಿ ಇಂಗ್ಲಿಷನ್ನೂ ಆಡುತ್ತದೆ. ನಾಲ್ಕು ಭಾಷೆ ಬಲ್ಲ ಅದೇ ಮಗುವನ್ನು "ಏನಾಯಿತು?" ಎಂದು ಕೇಳಿದರೆ ಬರುವ ಉತ್ತರ ಮಾತ್ರ ಒಂದೇ: "ಟೆನ್ಷನ್." ಪರೀಕ್ಷೆಯ ಹಿಂದಿನ ರಾತ್ರಿಯ ದಿಗಿಲೂ ಟೆನ್ಷನ್, ಸಹಪಾಠಿಗೆ ಬಹುಮಾನ ಬಂದಾಗಿನ ಹೊಟ್ಟೆಕಿಚ್ಚೂ ಟೆನ್ಷನ್, ತಂದೆ ಗದರಿಸಿದಾಗಿನ ಅವಮಾನವೂ ಟೆನ್ಷನ್, ಅಜ್ಜಿ ತೀರಿಕೊಂಡಾಗಿನ ದುಃಖವೂ ಟೆನ್ಷನ್. ಬೇನೆ ನಾಲ್ಕು ಬಗೆಯದಾಗಿದ್ದು ಹೆಸರು ಒಂದೇ ಆದರೆ ಔಷಧ ದೊರೆಯುವುದೆಂತು? ದಿಗಿಲಿಗೆ ಬೇಕಾದದ್ದು ಸಿದ್ಧತೆ, ಹೊಟ್ಟೆಕಿಚ್ಚಿಗೆ ಬೇಕಾದದ್ದು ವಿವೇಕ, ಅವಮಾನಕ್ಕೆ ಬೇಕಾದದ್ದು ನೇರವಾದ ಮಾತು, ದುಃಖಕ್ಕೆ ಬೇಕಾದದ್ದು ಅತ್ತು ಹಗುರಾಗಲು ಒಂದು ಮಡಿಲು.

ಕ್ಯಾಲಿಫೋರ್ನಿಯಾದ ವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಸಂದರ್ಭದಲ್ಲಿ ಗಮನಾರ್ಹ. ಕಂಡ ಭಾವಕ್ಕೆ ಮಾತಿನಲ್ಲಿ ಹೆಸರು ಕೊಟ್ಟಾಗ, ಭಯ ಮುಂತಾದವುಗಳಿಗೆ ತಟ್ಟನೆ ಪ್ರತಿಕ್ರಿಯಿಸುವ ಮೆದುಳಿನ ಭಾಗದ ಚಟುವಟಿಕೆಯು ತಗ್ಗುತ್ತದೆಂದು ಅವರು ತೋರಿಸಿದರು. ಹೆಸರಿಡುವುದೇ ಅರ್ಧ ಉಪಶಮನವೆಂದಾಯಿತು. ಕನ್ನಡದಲ್ಲಿ ಈ ಹೆಸರುಗಳಿಗೆ ಬಡತನವೆಲ್ಲಿದೆ? ಅಳುಕು, ಅಂಜಿಕೆ, ಕಳವಳ, ತಳಮಳ, ದುಗುಡ, ಕೊರಗು, ಮುನಿಸು, ಹುಸಿಮುನಿಸು, ಸಂಕೋಚ, ಮರುಕ ಎಂದು ಒಂದೊಂದಕ್ಕೂ ಬೇರೆ ಬೇರೆ ಛಾಯೆಯುಂಟು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಹಿರಿಯರು ಶ್ರಮಪಟ್ಟು ಮಂಜುನಾಥ ವಿದ್ಯಾಲಯದಂತಹ ಸಂಸ್ಥೆಯನ್ನು ಬೆಳೆಸಿದ್ದಾರೆ. ಅಂತಹ ಪರಿಶ್ರಮದ ಬೆಲೆ ಇಲ್ಲಿಯೂ ತಿಳಿಯುತ್ತದೆ. ಮಾತೃಭಾಷೆಯು ಮನೆಯಲ್ಲಿ ಉಳಿದರೆ ಮಗುವಿಗೆ ತನ್ನ ಮನಸ್ಸಿನೊಳಗೆ ನಡೆಯುವುದನ್ನು ಹೇಳಲು ಪದಗಳು ಉಳಿಯುತ್ತವೆ.

ಕೆಂಪಿಗೆ ಮೊದಲು ಹಳದಿ

ಉಪನಗರ ರೈಲುಮಾರ್ಗದ ಸಿಗ್ನಲುಗಳಲ್ಲಿ ಹಸಿರಿನಿಂದ ಒಮ್ಮೆಲೇ ಕೆಂಪು ಬರುವುದಿಲ್ಲ. ನಡುವೆ ಎರಡು ಹಳದಿ ದೀಪಗಳು, ಬಳಿಕ ಒಂದು ಹಳದಿ ದೀಪ ಕಾಣಿಸಿಕೊಳ್ಳುತ್ತವೆ. ಮೋಟರ್‌ಮನ್ ಆದವನು ಎರಡು ಹಳದಿಯನ್ನು ಕಂಡಾಗಲೇ ಜಾಗರೂಕನಾಗುತ್ತಾನೆ. ಕೆಂಪು ಕಂಡ ಮೇಲೆ ಬ್ರೇಕು ಹಾಕಿದರೆ ಗಾಡಿಯು ಸಿಗ್ನಲನ್ನು ದಾಟಿಯೇ ನಿಂತೀತು. ಕೋಪಕ್ಕೂ ಇಂತಹ ಹಳದಿ ದೀಪಗಳಿವೆ. ಕಿವಿ ಬಿಸಿಯಾಗುವುದು, ಸ್ವರ ಏರುವುದು, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ನಾಲಿಗೆಯ ತುದಿಗೆ ಬರುವುದು, ಇವೇ ಆ ಸೂಚನೆಗಳು.

ಭಗವದ್ಗೀತೆಯ ಎರಡನೆಯ ಅಧ್ಯಾಯವು ಈ ಕ್ರಮವನ್ನು ಅತ್ಯಂತ ಸೂಕ್ಷ್ಮವಾಗಿ ನಿರೂಪಿಸಿದೆ. ವಿಷಯವನ್ನು ಮತ್ತೆ ಮತ್ತೆ ನೆನೆಯುವುದರಿಂದ ಅಂಟು, ಅಂಟಿನಿಂದ ಆಸೆ, ಆಸೆಯಿಂದ ಕೋಪ, ಕೋಪದಿಂದ ಮರುಳು, ಅದರಿಂದ ನೆನಪಿನ ಕೇಡು, ಅದರಿಂದ ಬುದ್ಧಿಯ ನಾಶ ಎಂದು ಅಲ್ಲಿ ಹಂತ ಹಂತವಾಗಿ ಹೇಳಲಾಗಿದೆ. ಕೊನೆಯ ನಿಲ್ದಾಣದಲ್ಲಿ ಇಳಿಯಲು ಯತ್ನಿಸುವುದಕ್ಕಿಂತ ಮೊದಲಿನ ನಿಲ್ದಾಣಗಳಲ್ಲಿ ಇಳಿದುಬಿಡುವುದು ಸುಲಭ. ಮೊಬೈಲಿನಲ್ಲಿ ಬಂದ ಒಂದು ಕಟುಸಂದೇಶಕ್ಕೆ ತಕ್ಷಣ ಮರುಸಂದೇಶ ಕಳಿಸದೆ ಒಂದು ರಾತ್ರಿ ಕಾಯುವ ವಿದ್ಯಾರ್ಥಿಯು ಈ ಉಪದೇಶವನ್ನೇ ಆಚರಿಸಿದಂತಾಯಿತು.

ಅಂಗದನ ಪಾಠ

ತರುಣ ನಾಯಕನೊಬ್ಬನ ಭಾವಸಂಕಟವನ್ನು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಕಾಣಬಹುದು. ಸೀತಾಮಾತೆಯ ಅನ್ವೇಷಣೆಗೆ ದಕ್ಷಿಣ ದಿಕ್ಕಿಗೆ ಹೊರಟ ತಂಡಕ್ಕೆ ಯುವರಾಜನಾದ ಅಂಗದನು ನಾಯಕ. ಸುಗ್ರೀವನು ಕೊಟ್ಟ ಅವಧಿ ಒಂದು ತಿಂಗಳು. ಅವಧಿ ಮೀರಿತು, ಕಾರ್ಯ ಆಗಲಿಲ್ಲ, ಮುಂದೆ ಸಮುದ್ರ. ಬರಿಗೈಯಲ್ಲಿ ಹಿಂದಿರುಗಿದರೆ ದಂಡನೆ ಖಂಡಿತವೆಂದು ಭಾವಿಸಿದ ಅಂಗದನು ಪ್ರಾಯೋಪವೇಶಕ್ಕೆ, ಅಂದರೆ ಉಪವಾಸದಿಂದ ಪ್ರಾಣತ್ಯಾಗ ಮಾಡಲು ನಿಶ್ಚಯಿಸಿದನು. ನಾಯಕನು ಕುಸಿದದ್ದನ್ನು ಕಂಡು ತಂಡವೆಲ್ಲ ಅವನೊಡನೆ ದರ್ಭೆಯ ಮೇಲೆ ಕುಳಿತಿತು. ಸೋಲಿನ ಭಯಕ್ಕಿಂತ, ಸೋತ ಮುಖವನ್ನು ಮನೆಯವರಿಗೆ ತೋರಿಸಬೇಕಲ್ಲ ಎಂಬ ಭಯವೇ ಹೆಚ್ಚು ಘೋರವಾದುದು. ಇಂದಿನ ಪರೀಕ್ಷಾಫಲಿತಾಂಶದ ದಿನದಲ್ಲಿಯೂ ಇದೇ ಭಯ ಕೆಲಸ ಮಾಡುತ್ತದೆ.

ಮುಂದೆ ಸಂಪಾತಿಯಿಂದ ಲಂಕೆಯ ಸುಳಿವು ದೊರೆತ ಬಳಿಕ, ನೂರು ಯೋಜನದ ಸಾಗರವನ್ನು ಕಂಡು ಕಪಿಗಳೆಲ್ಲ ಮತ್ತೆ ಎದೆಗುಂದಿದರು. ಈ ಸಲ ಅಂಗದನು ಬೇರೆಯೇ ಆಗಿದ್ದನು. ವಿಷಾದಕ್ಕೆ ಮನಸ್ಸನ್ನು ಒಪ್ಪಿಸಬಾರದೆಂದು ಅವನೇ ಅವರನ್ನು ಸಂತೈಸಿದನು. ರಾತ್ರಿ ಕಳೆಯಲು ಬಿಟ್ಟನು. ಬೆಳಗಾದ ಮೇಲೆ ಹಿರಿಯರೊಡನೆ ಮತ್ತೆ ಸಮಾಲೋಚಿಸಿ, ಯಾರು ಎಷ್ಟು ದೂರ ಹಾರಬಲ್ಲರೆಂದು ಒಬ್ಬೊಬ್ಬರನ್ನಾಗಿ ಕೇಳಿದನು. ತಾನು ನೂರು ಯೋಜನ ಹಾರಬಲ್ಲೆನಾದರೂ ಮರಳಿ ಬರುವುದು ಸಂದೇಹವೆಂದು ತನ್ನ ಮಿತಿಯನ್ನು ಸಭೆಯಲ್ಲಿಯೇ ಹೇಳಿದನು. ಆಗ ವೃದ್ಧನಾದ ಜಾಂಬವಂತನು, ಏಕಾಂತದಲ್ಲಿ ಮೌನವಾಗಿ ಕುಳಿತಿದ್ದ ಹನುಮಂತನ ಬಳಿಗೆ ಹೋಗಿ ಅವನ ಮಹಿಮೆಯನ್ನು ಸ್ಮರಿಸಿದನು. ಕಾರ್ಯಸಿದ್ಧಿಯ ಬಾಗಿಲು ತೆರೆಯಿತು.

ವಿದ್ಯಾರ್ಥಿ ನಾಯಕನಿಗೆ ಬೇಕಾದುದೆಲ್ಲ ಈ ಒಂದು ಪ್ರಸಂಗದಲ್ಲಿದೆ. ಕುಸಿದವನೂ ಮತ್ತೆ ನಾಯಕನಾಗಬಲ್ಲನು. ತನ್ನ ಮಿತಿಯನ್ನು ಒಪ್ಪಿಕೊಂಡರೆ ಗೌರವ ಕುಂದುವುದಿಲ್ಲ. ಹಿರಿಯರ ಸಲಹೆ ಕೇಳುವುದು ದೌರ್ಬಲ್ಯವಲ್ಲ. ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವವನೇ ಸಮರ್ಥನೆಂದು ತಿಳಿಯದೆ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತವನತ್ತಲೂ ಕಣ್ಣು ಹಾಯಿಸಬೇಕು.

ನಾಯಕತ್ವದ ನಿಜವಾದ ಪಾಠಶಾಲೆ

ನಾಯಕತ್ವವನ್ನು ಭಾಷಣದಿಂದ ಕಲಿಸಲಾಗದು, ಅದಕ್ಕೆ ಅಭ್ಯಾಸದ ಅಂಗಳ ಬೇಕು. ಅಂತಹ ಅಂಗಳವೊಂದು ನಮ್ಮ ಕಾಲೇಜುಗಳಲ್ಲಿ ಐದು ದಶಕಗಳಿಗೂ ಮೇಲ್ಪಟ್ಟು ಇದೆ. ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಈ ಅರ್ಥಶಾಸ್ತ್ರಜ್ಞರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಹಾಗೂ ಆರ್ಥಿಕ ಬದಲಾವಣೆಯ ಸಂಸ್ಥೆಯನ್ನೂ ಸ್ಥಾಪಿಸಿದವರು. ಯೋಜನೆಯ ಲಾಂಛನದಲ್ಲಿ ಕೋಣಾರ್ಕದ ರಥಚಕ್ರವಿದೆ. "ನಾನಲ್ಲ, ನೀನು" ಎಂಬುದು ಅದರ ಧ್ಯೇಯವಾಕ್ಯ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ದತ್ತು ಪಡೆದ ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರ, ಇದು ಅದರ ನಿಯಮ.

ಅನೇಕ ವಿದ್ಯಾರ್ಥಿಗಳು ಇದನ್ನು ಪ್ರಮಾಣಪತ್ರಕ್ಕಾಗಿ ಮಾತ್ರ ಸೇರುವುದುಂಟು. ಆದರೂ ಏಳು ದಿನಗಳ ಶಿಬಿರವು ಏಳು ಪುಸ್ತಕಗಳಿಗೆ ಸಮ. ಅಡಿಗೆಗೆ ನೀರು ತರುವ ಸರದಿ ಯಾರದೆಂಬ ಜಗಳ, ಬೆಳಿಗ್ಗೆ ಏಳದ ಗೆಳೆಯ, ಅಪರಿಚಿತರನ್ನು ನಂಬದ ಗ್ರಾಮಸ್ಥರು, ಮಳೆಯಿಂದ ಕೆಟ್ಟುಹೋದ ಕಾರ್ಯಕ್ರಮ, ಇವುಗಳನ್ನೆಲ್ಲ ಅಧಿಕಾರವಿಲ್ಲದೆ, ಕೇವಲ ಮಾತಿನಿಂದಲೂ ಮಾದರಿಯಿಂದಲೂ ಸರಿಪಡಿಸಬೇಕಾಗುತ್ತದೆ. ದಂಡಿಸುವ ಅಧಿಕಾರವಿಲ್ಲದವನು ಜನರನ್ನು ಒಟ್ಟುಗೂಡಿಸಬಲ್ಲನಾದರೆ ಅದೇ ನಾಯಕತ್ವ. ಆ ಶಕ್ತಿಯು ಪರರ ಭಾವವನ್ನು ಅರಿಯುವುದರಿಂದಲ್ಲದೆ ಬರಲಾರದು.

ಪದವಿ ಇಲ್ಲದ ನಾಯಕತ್ವಕ್ಕೆ ಈ ಪ್ರದೇಶದ ಜನರೇ ಸಾಕ್ಷಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ ಸುರಿಯಿತು. ಲೋಕಲ್ ಗಾಡಿಗಳು ನಿಂತುಹೋದವು. ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಬದಲಾಪುರಗಳ ಕಡೆಯ ತಗ್ಗು ಪ್ರದೇಶಗಳು ಮುಳುಗಿದವು. ಅಂದು ರಾತ್ರಿ ಗುರುತಿಲ್ಲದವರ ಕೈಹಿಡಿದು ನೀರು ದಾಟಿಸಿದವರು, ದಾರಿಹೋಕರಿಗೆ ಚಹಾ ಬಿಸ್ಕತ್ತು ಹಂಚಿದವರು, ಮನೆಯ ಬಾಗಿಲು ತೆರೆದವರು ಯಾರ ನೇಮಕವನ್ನೂ ಕಾಯಲಿಲ್ಲ. ಎದುರಿನವರ ಭಯವು ಅವರಿಗೆ ಕಂಡಿತು. ಕಂಡ ಕೂಡಲೇ ಕೈ ಮುಂದೆ ಬಂದಿತು.

ಒಂದು ಅಪಾಯ

ಪರರ ಭಾವವನ್ನು ಅರಿಯುವ ಶಕ್ತಿ ತಾನಾಗಿಯೇ ಸದ್ಗುಣವೆನಿಸದು. ಅಸ್ತ್ರವಿದ್ಯೆಯ ಪ್ರದರ್ಶನದ ದಿನ ತುಂಬಿದ ಸಭೆಯಲ್ಲಿ ಕುಲದ ಪ್ರಶ್ನೆಯಿಂದ ತಲೆತಗ್ಗಿಸಿ ನಿಂತ ಕರ್ಣನ ಅವಮಾನವನ್ನು ದುರ್ಯೋಧನನಷ್ಟು ಬೇಗ ಅರಿತವರು ಯಾರೂ ಇಲ್ಲ. ಕ್ಷಣಮಾತ್ರದಲ್ಲಿ ಅಂಗರಾಜ್ಯದ ಪಟ್ಟ ಕಟ್ಟಿ ಅವನನ್ನು ಜೀವನಪರ್ಯಂತ ತನ್ನವನನ್ನಾಗಿ ಮಾಡಿಕೊಂಡನು. ಶಕುನಿಯೂ ಅಷ್ಟೇ, ಜೂಜಿಗೆ ಕರೆದರೆ ಒಲ್ಲೆನೆನ್ನಲಾರದ ಧರ್ಮರಾಜನ ಸ್ವಭಾವವನ್ನು ಚೆನ್ನಾಗಿ ಬಲ್ಲವನು. ಇಬ್ಬರಲ್ಲಿಯೂ ಭಾವಜ್ಞಾನವಿತ್ತು, ಧರ್ಮವಿರಲಿಲ್ಲ. ಕಾಲೇಜಿನ ಚುನಾವಣೆಯಲ್ಲಿ, ಹಬ್ಬದ ಮಂಡಳಿಯಲ್ಲಿ, ಮುಂದೆ ಕಚೇರಿಯಲ್ಲಿ ಇಂತಹ ಚತುರರು ಎದುರಾಗುತ್ತಾರೆ. ಒಬ್ಬನ ನೋವನ್ನು ಅರಿತು ಅವನನ್ನು ಎತ್ತಿ ನಿಲ್ಲಿಸುವವನು ನಾಯಕ. ಅದೇ ನೋವನ್ನು ಅರಿತು ಅವನನ್ನು ಉಪಯೋಗಿಸಿಕೊಳ್ಳುವವನು ವಂಚಕ. ಈ ಭೇದವನ್ನು ತಿಳಿಸುವುದು ಮನೆಯ ಸಂಸ್ಕಾರವೇ ಹೊರತು ಯಾವ ತರಬೇತಿ ಶಿಬಿರವೂ ಅಲ್ಲ.

ಪಾಲಕರ ಕರ್ತವ್ಯ

ಮಕ್ಕಳಿಗೆ ಉಪದೇಶಿಸುವ ಮುನ್ನ ಹಿರಿಯರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಕಾಲೇಜಿನಿಂದ ಬಂದ ಮಗನನ್ನೋ ಮಗಳನ್ನೋ "ಎಷ್ಟು ಅಂಕ ಬಂತು?" ಎಂದು ಕೇಳುವುದು ಸಹಜ. ಅದಕ್ಕೆ ಮೊದಲು "ದಿನ ಹೇಗಿತ್ತು?" ಎಂದು ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೆ ಕಾಯುವುದು ಅಭ್ಯಾಸವಾಗಲಿ. ಗಂಡುಮಕ್ಕಳು ಅಳಬಾರದೆಂಬ ಮಾತನ್ನು ಕೈಬಿಡುವುದು ಒಳ್ಳೆಯದು. ಅಂಗದನಂತಹ ವೀರನೇ ಎದೆಗುಂದಿ ಕುಳಿತಿದ್ದನೆಂಬುದು ನೆನಪಿರಲಿ. ಇತರರ ಮಕ್ಕಳೊಡನೆ ಹೋಲಿಸುವುದು ಬಿಸಿಲಿನಲ್ಲಿರುವ ಹಳಿಯ ಪಕ್ಕದ ಜಲ್ಲಿಯನ್ನು ತೋಡಿ ತೆಗೆದಂತೆ. ಎಲ್ಲಕ್ಕಿಂತ ಮಿಗಿಲಾಗಿ, ಸೋತು ಬಂದರೂ ಈ ಮನೆಯ ಬಾಗಿಲು ತೆರೆದಿದೆ ಎಂಬ ಮಾತನ್ನು ಫಲಿತಾಂಶದ ದಿನವಲ್ಲ, ಅದಕ್ಕಿಂತ ಬಹಳ ಮೊದಲೇ ಬಾಯಿಬಿಟ್ಟು ಹೇಳಬೇಕು. ಮಕ್ಕಳಿಗೆ ತಿಳಿದೇ ಇದೆ ಎಂದು ಭಾವಿಸಿ ಸುಮ್ಮನಿರಬಾರದು.

ಊಟ ನಿದ್ರೆಗಳು ಕೆಟ್ಟಿದ್ದರೆ, ಗೆಳೆಯರಿಂದ ದೂರವಾಗಿದ್ದರೆ, ಬದುಕಿನಲ್ಲಿ ಏನೂ ಉಳಿದಿಲ್ಲವೆಂಬ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಹರಕೆ, ಸೇವೆ, ಪ್ರಾರ್ಥನೆಗಳೊಂದಿಗೆ ತಜ್ಞರ ನೆರವೂ ಬೇಕು. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವವರು ಮನಸ್ಸಿನ ಬೇನೆಗೆ ಹೋಗಲು ಸಂಕೋಚಪಡುವುದೇಕೆ? 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯಾದರೂ ಉಚಿತವಾಗಿ ಕರೆ ಮಾಡಬಹುದು. 2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಮಾರ್ಗಸೂಚಿಗಳಂತೆ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯು ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕು. ತಮ್ಮ ಮಕ್ಕಳ ಕಾಲೇಜಿನಲ್ಲಿ ಅಂತಹ ವ್ಯವಸ್ಥೆ ಇದೆಯೇ ಎಂದು ವಿಚಾರಿಸುವ ಹಕ್ಕು ಪ್ರತಿಯೊಬ್ಬ ಪಾಲಕರಿಗೂ ಇದೆ.

ವಿದ್ಯಾರ್ಥಿಗಳಿಗೆ ಕೆಲವು ಮಾತು

ವಿದ್ಯಾರ್ಥಿ ಮಿತ್ರರು ಆಚರಿಸಬಹುದಾದ ನಾಲ್ಕು ಸರಳ ಅಭ್ಯಾಸಗಳಿವೆ. ರಾತ್ರಿ ಮಲಗುವ ಮುನ್ನ ಆ ದಿನ ಮನಸ್ಸನ್ನು ಕಲಕಿದ ಒಂದು ಭಾವಕ್ಕೆ ಸರಿಯಾದ ಹೆಸರನ್ನು ಬರೆದಿಡಬೇಕು, ಟೆನ್ಷನ್ ಎಂಬ ಪದವನ್ನು ಬಳಸದೆ. ಕೋಪದಲ್ಲಿ ಬರೆದುದನ್ನು ಬೆಳಗಾಗುವವರೆಗೆ ಯಾರಿಗೂ ಕಳಿಸಬಾರದು. ತಂಡದ ಕೆಲಸದಲ್ಲಿ ತನ್ನ ಮಾತನ್ನು ಹೇಳುವ ಮೊದಲು, ಅಂದು ಮಾತನಾಡದೆ ಕುಳಿತ ಒಬ್ಬರ ಅಭಿಪ್ರಾಯವನ್ನು ಕೇಳಬೇಕು. ತರಗತಿಗೆ ಬರುವುದನ್ನು ನಿಲ್ಲಿಸಿದ ಗೆಳೆಯನಿದ್ದರೆ, ಹಾಜರಿಯ ವಿಷಯ ಬಿಟ್ಟು, ಅವನ ಕ್ಷೇಮವನ್ನು ವಿಚಾರಿಸಲು ಅವನ ಮನೆಯವರೆಗೆ ಹೋಗಬೇಕು. ಈ ನಾಲ್ಕರಲ್ಲಿ ಕೊನೆಯದೇ ಅತ್ಯಂತ ಮಹತ್ತ್ವದ್ದು. ಬೇಸಿಗೆಯಲ್ಲಿ ಗಸ್ತು ತಿರುಗುವ ಗ್ಯಾಂಗ್‌ಮನ್‌ನ ಹೆಸರು ಪ್ರಯಾಣಿಕರಿಗೆ ತಿಳಿಯುವುದಿಲ್ಲ. ಅವನು ನಡೆದುದರಿಂದಲೇ ಗಾಡಿ ಸುರಕ್ಷಿತವಾಗಿ ಊರು ಸೇರುತ್ತದೆ. ಗೆಳೆಯನ ಮನೆಯ ಬಾಗಿಲು ತಟ್ಟುವ ವಿದ್ಯಾರ್ಥಿಯೂ ಅಂತಹ ನಾಯಕನೇ.

ವಿದ್ಯೆಯು ವಿನಯವನ್ನೂ, ವಿನಯವು ಪರಹಿತದ ಬುದ್ಧಿಯನ್ನೂ ಕೊಡಲಿ. ಎಲ್ಲ ಮಕ್ಕಳಿಗೂ ಆಯುರಾರೋಗ್ಯ, ಸದ್ಬುದ್ಧಿ, ಧೈರ್ಯಗಳನ್ನು ಶ್ರೀಹರಿವಾಯುಗುರುಗಳು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.